ತಂಗಾಳಿ : ಒಂದು ಪದದ ಪೂರ್ವೋತ್ತರ

ಪೂರ್ವಕಾಲದ ಚರಿತ್ರೆಯನ್ನು ಅರಿಯಲಿಕ್ಕೆ ಶಿಲಾಶಾಸನ, ತಾಮ್ರಪಟ, ಓಲೆಯ ಗ್ರಂಥಗಳು ಹೇಗೆ ಸಾಧನಗಳಾಗಿರುವವೋ ಹಾಗೆಯೇ ಜನರು ನಿತ್ಯದಲ್ಲಿ ಆಡುವ ಮಾತುಗಳೂ ಸಾಧನಗಳಾಗಿರುವವು. ಶಾಸನವು ಒಬ್ಬ ಅರಸನ ದಾನವನ್ನು ಹೇಳುವದು. ಪದವಾದರೋ ಒಂದು ಜನಾಂಗದ ಬಾಳನ್ನೇ ಹೇಳುವದು. ಕಲ್ಲು ಒಡೆಯುವದು, ಓಲೆಯು ಗೆದ್ದಲಿಗೆ ತುತ್ತಾಗುವದು. ಜನರ ನಾಲಗೆಯ ಮೇಲಿನ ಪದವು ತಾಯಿಯಿಂದ ಮಗುವಿಗೆ ದಾಟುತ್ತ ಸಾವಿರಾರು ವರ್ಷ ಬದುಕಬಲ್ಲದು. ಆದರೆ ದಿನವೂ ಬಳಸುವ ವಸ್ತುವನ್ನು ನಾವು ನಿಂತು ನೋಡುವದಿಲ್ಲ. ಮನೆಯ ಹೊಸ್ತಿಲನ್ನು ದಿನಕ್ಕೆ ಹತ್ತು ಸಲ ದಾಟುವವನು ಅದರ ಮೇಲಿನ ಕೆತ್ತನೆಯನ್ನು ಕಾಣದೆ ಹೋಗುವಂತೆ, ನಮ್ಮ ಬಾಯೊಳಗಿನ ಪದಗಳ ಬೆಲೆಯು ನಮಗೇ ತಿಳಿಯದೆ ಹೋಗುವದು.

ಅಂಥ ಪದಗಳಲ್ಲಿ 'ತಂಗಾಳಿ'ಯೆಂಬುದೊಂದು. ಅಕ್ಷರ ಬಾರದ ಒಕ್ಕಲಿಗನೂ ಪಂಡಿತನೂ ಸಮನಾಗಿ ಬಲ್ಲ ಪದವಿದು. ಇದರ ಹುಟ್ಟು, ಇದರ ಬಂಧುಬಳಗ, ಇದರ ಅರ್ಥವು ಹರಡಿದ ಬಗೆ ಇವುಗಳನ್ನು ಕುರಿತು ಶ್ರೀಮಠದ ಈ ಮಹೋತ್ಸವದ ಸಂಚಿಕೆಯಲ್ಲಿ ವಿಚಾರಿಸುವದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಹಾಗಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಧರ್ಮದ ಪರಮರಹಸ್ಯವನ್ನು ಹೇಳಲಿಕ್ಕೆ ಆರಿಸಿಕೊಂಡುದು ಇಂಥ ಪದಗಳನ್ನೇ. ಶೂನ್ಯವೆಂಬ ಗಹನವಾದ ತತ್ತ್ವಕ್ಕೆ ಅವರು 'ಬಯಲು' ಎಂದರು. ಜ್ಞಾನಕ್ಕೆ 'ಅರಿವು' ಎಂದರು. ಆಚಾರವು ಬೇರೂರಿದ ಗುರುತಿಗೆ 'ಕುರುಹು' ಎಂದರು. ಆದುದರಿಂದ ಜನರ ಪದಗಳನ್ನು ಅರಿಯುವದು ಶರಣರ ಮಾತಿನ ಬಾಗಿಲನ್ನು ತೆರೆಯುವದೇ ಆಗಿದೆ. ಮನೆಮಾತಿನ ಪದಗಳೆಲ್ಲ ಗೀರ್ವಾಣದ ಮುರುಕುಗಳೆಂದೂ, ಅವುಗಳಿಗೆ ಸ್ವಂತದ ಕುಲಗೋತ್ರಗಳಿಲ್ಲವೆಂದೂ ತಿಳಿಯುವವರು ಇನ್ನೂ ಉಂಟು. ಆ ತಿಳಿವಳಿಕೆಯು ಸರಿಯೋ ತಪ್ಪೋ ಎಂಬುದನ್ನು ಈ ಒಂದು ಪದದ ಮೇಲೆ ಒರೆಹಚ್ಚಿ ನೋಡುವಾ.

೧. ತಣ್ ಎಂಬ ಧಾತುವಿನ ಬಳಗ

ತಂಗಾಳಿಯೆಂಬುದು ಸಮಾಸಪದ. ತಣ್ ಎಂಬ ಗುಣವಾಚಕವೂ ಗಾಳಿಯೆಂಬ ನಾಮಪದವೂ ಕೂಡಿ ಕರ್ಮಧಾರಯವಾಗಿದೆ. ತಣ್ ಎಂಬುದರ ಣಕಾರವು ಮುಂದಿನ ಗಕಾರದ ಸಂಗದಿಂದ ಬಿಂದುವಾಗಿದೆ. ತಣ್ಣನೆಯ ಗಾಳಿ ಎಂಬುದೇ ಇದರ ವಿಗ್ರಹ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆರಸಿ ಸಮಾಸಮಾಡುವದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಮೆಚ್ಚಲಿಲ್ಲ; ಹದಿಮೂರನೆಯ ಶತಮಾನದ ಕೇಶಿರಾಜನು ಅಂಥದನ್ನು ಅರಿಸಮಾಸವೆಂದು ಕರೆದು, ಪೂರ್ವಪ್ರಯೋಗವಿದ್ದಲ್ಲಿ ಮಾತ್ರ ಒಪ್ಪಿದನು. ನಮ್ಮ ತಂಗಾಳಿಗೆ ಆ ದೋಷವಿಲ್ಲ. ಇದರ ಎರಡು ಅವಯವಗಳೂ ಅಚ್ಚಗನ್ನಡದವು.

ತಣ್ ಎಂಬುದರ ಸಂತಾನವು ದೊಡ್ಡದು. ತಣ್ಣೀರು, ತಣ್ಣೆಳಲು, ತಣ್ಣಗೆ, ತಂಪು ಇವೆಲ್ಲ ಅದರ ಮಕ್ಕಳು. ತಂಪು ಎಂಬುದರ ಹಳಗನ್ನಡದ ರೂಪವು ತಣ್ಪು. ಕದಿರ್ ಎಂದರೆ ಕಿರಣ. ತಣ್ಣನೆಯ ಕಿರಣವುಳ್ಳವನಾದುದರಿಂದ ಚಂದ್ರನು ತಂಗದಿರನಾದನು. ಮಲೆನಾಡಿನ ಅಡಿಗೆಮನೆಯಲ್ಲಿ ಬೇಸಿಗೆಯ ದಿನ ಮಜ್ಜಿಗೆಯಲ್ಲಿ ಸೊಪ್ಪನ್ನು ಅರೆದು ಕಲಸಿ ಮಾಡುವ ತಂಬುಳಿಯು ತಣ್ಣನೆಯ ಪುಳಿ. ಇಲ್ಲಿ ಪಕಾರವು ಬಕಾರವಾಗಿರುವದು ವ್ಯಾಕರಣದ ಆದೇಶಸಂಧಿಯ ನಿಯಮದಂತೆಯೇ ಇದೆ. ರಾತ್ರಿಯ ಆರಿದ ಅನ್ನಕ್ಕೆ ತಂಗೂಳು ಎನ್ನುವಲ್ಲಿಯೂ ಇದೇ ತಣ್ ಅಡಗಿದೆ. ಹೀಗೆ ಆಕಾಶದ ಚಂದ್ರನಿಂದ ಅಡಿಗೆಮನೆಯ ಗಡಿಗೆಯ ವರೆಗೆ ಒಂದೇ ಧಾತುವು ವ್ಯಾಪಿಸಿಕೊಂಡಿದೆ.

ಇಷ್ಟರಿಂದಲೇ ಮುಗಿಯಲಿಲ್ಲ. ತಣಿ ಎಂಬ ಕ್ರಿಯಾಪದವನ್ನು ನೋಡಿರಿ. ಮೊದಲಿಗೆ ಅದರ ಅರ್ಥವು ತಂಪಾಗು ಎಂದು; ಬಳಿಕ ತೃಪ್ತಿಹೊಂದು ಎಂದಾಯಿತು. ಹಸಿದವನು ಉಂಡು ತಣಿಯುವನು. ಕೊರಗುವವನು ಮಗನ ಮುಖವನ್ನು ಕಂಡು ತಣಿಯುವನು. ಕಣ್ತಣಿಯೆ ನೋಡುವದು, ಮನದಣಿಯೆ ಹಾಡುವದು ಎಂದು ನಾವು ಹೇಳುವೆವು. ಶೀತದೇಶಗಳ ಜನರು ಪ್ರೀತಿಯನ್ನು ಬೆಚ್ಚಗಿನದೆಂದು ವರ್ಣಿಸುವರು. ಬಿಸಿಲಿನ ದೇಶದವರಾದ ನಮ್ಮ ಹಿರಿಯರು ಅದನ್ನು ತಂಪೆಂದು ಕಂಡರು. ಉಪಕಾರಮಾಡಿದವನನ್ನು ನಮ್ಮ ಅಜ್ಜಿಯರು 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಹರಸುವರು. ಬಿಸಿಲು ಬೆಂಕಿಗಳಲ್ಲಿ ದುಡಿದ ಜನಾಂಗವು ಸುಖಕ್ಕೆ ಇಟ್ಟ ಹೆಸರೇ ತಂಪು. ಆದುದರಿಂದ ತಂಗಾಳಿಯೆಂದರೆ ಶೀತಲವಾದ ವಾಯು ಎಂದಷ್ಟೇ ಅರ್ಥವಲ್ಲ; ಜೀವವನ್ನು ತಣಿಸುವ ಗಾಳಿಯೆಂದರ್ಥ. ಮಾಗಿಯ ಕಾಲದಲ್ಲಿ ಮೈ ನಡುಗಿಸುವ ಗಾಳಿಯೂ ತಣ್ಣಗಿರುವದು. ಆದರೆ ಅದನ್ನು ಯಾರೂ ತಂಗಾಳಿ ಎನ್ನಲಾರರು. ಅದು ಚಳಿಗಾಳಿ, ಹಳಗನ್ನಡದಲ್ಲಿ ಕುಳಿರ್ಗಾಳಿ.

೨. ಗಾಳಿಯ ಕುಲ

ಇನ್ನು ಗಾಳಿಯ ವಿಚಾರ. ನಮ್ಮ ವೈಯಾಕರಣರು ಪದಗಳನ್ನು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯವೆಂದು ನಾಲ್ಕಾಗಿ ವಿಭಾಗಿಸಿದರು. ಗಾಳಿಯು ಇವುಗಳಲ್ಲಿ ಯಾವ ವರ್ಗಕ್ಕೆ ಸೇರತಕ್ಕದ್ದು? ಸಂಸ್ಕೃತದಲ್ಲಿ ವಾಯುವಿಗೆ ಹೆಸರುಗಳು ಹಲವಿದ್ದರೂ ಗಾಳಿಗೆ ಮೂಲವಾಗಬಲ್ಲ ಹೆಸರು ಅವುಗಳಲ್ಲಿ ಒಂದೂ ಇಲ್ಲ. ಅದೇ ನಮ್ಮ ನೆರೆಯ ಭಾಷೆಗಳನ್ನು ನೋಡಿದರೆ ಬಂಧುಗಳು ಎದ್ದುನಿಲ್ಲುವರು. ತೆಲುಗಿನಲ್ಲಿ ಗಾಲಿ, ತುಳುವಿನಲ್ಲಿ ಗಾಳಿ, ಪ್ರಾಚೀನ ತಮಿಳಿನಲ್ಲಿ ಕಾಲ್ ಎಂದರೆ ಗಾಳಿ. ಆ ಕಾಲ್ ಎಂಬುದರ ಮೇಲೆ ತು ಎಂಬ ಪ್ರತ್ಯಯವು ಬಂದು, ಲಕಾರ ತಕಾರಗಳು ಬೆರೆತು, ಇಂದಿನ ತಮಿಳಿನ ಕಾಟ್ರು ಎಂಬ ರೂಪವು ಸಿದ್ಧವಾಗಿದೆ. ಮಲೆಯಾಳದ ಕಾಟ್ಟು ಎಂಬುದೂ ಅದೇ.

ತಮಿಳಿನ ಕಕಾರವು ಕನ್ನಡದಲ್ಲಿ ಗಕಾರವಾಗುವದು ಇದೊಂದೇ ಪದದಲ್ಲಿಯಲ್ಲ. ತಮಿಳಿನ ಕಿಳಿಯು ನಮ್ಮಲ್ಲಿ ಗಿಳಿ. ಅಲ್ಲಿಯ ಕುಂಡು ಇಲ್ಲಿ ಗುಂಡು. ಹೀಗೆ ಒಂದೇ ಬಗೆಯ ವ್ಯತ್ಯಾಸವು ಹಲವು ಪದಗಳಲ್ಲಿ ಕ್ರಮವಾಗಿ ಕಂಡುಬಂದಾಗ ಅದು ಆಕಸ್ಮಿಕವಲ್ಲವೆಂದೂ, ಆ ಪದಗಳು ಒಬ್ಬಳೇ ತಾಯಿಯ ಮಕ್ಕಳೆಂದೂ ಭಾಷಾಶಾಸ್ತ್ರಜ್ಞರು ನಿರ್ಣಯಿಸುವರು. ದಕ್ಷಿಣದ ಭಾಷೆಗಳೆಲ್ಲ ಒಂದೇ ಕುಟುಂಬದವು, ಅವು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬ ಮಾತನ್ನು ೧೮೧೬ರಲ್ಲಿ ಎಲ್ಲಿಸ್ ಎಂಬ ಅಧಿಕಾರಿಯು ಮದರಾಸಿನಲ್ಲಿ ಮೊದಲು ಎತ್ತಿಹೇಳಿದನು. ೧೮೫೬ರಲ್ಲಿ ಕಾಲ್ಡ್‌ವೆಲ್ಲರು ತಮ್ಮ ತೌಲನಿಕ ವ್ಯಾಕರಣದಲ್ಲಿ ಅದನ್ನು ವಿಸ್ತಾರವಾಗಿ ಸಮರ್ಥಿಸಿದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ಕೋಶವು ಕನ್ನಡ ಪದಗಳೊಡನೆ ಸೋದರಭಾಷೆಗಳ ರೂಪಗಳನ್ನೂ ಕೊಟ್ಟು ಮಹದುಪಕಾರ ಮಾಡಿತು. ೧೯೬೧ರಲ್ಲಿ ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳೆಲ್ಲವುಗಳ ಪದಮೂಲಗಳನ್ನು ಒಂದೇ ಕೋಶದಲ್ಲಿ ಕೂಡಿಸಿದರು. ೧೯೮೪ರಲ್ಲಿ ಅದರ ಪರಿಷ್ಕೃತ ಮುದ್ರಣವು ಹೊರಬಿದ್ದಿತು. ಈ ಮಹನೀಯರ ಪರಿಶ್ರಮದಿಂದ ಗಾಳಿಯು ದೇಶ್ಯಪದವೆಂಬುದು ನಿಸ್ಸಂದೇಹವಾಗಿದೆ. ಇದು ಎಲ್ಲಿಂದಲೂ ಕಡತಂದುದಲ್ಲ, ನೆಲದ ಸೊತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವದು ಅವಶ್ಯ. ಪ್ರವಚನಗಳಲ್ಲಿಯೂ ಭಾಷಣಗಳಲ್ಲಿಯೂ ಪದಗಳನ್ನು ಮನಬಂದಂತೆ ಒಡೆದು ಅರ್ಥಹೇಳುವ ರೂಢಿಯುಂಟು. ತಂಗುವ ಗಾಳಿಯೇ ತಂಗಾಳಿ, ಎಲೆಯನ್ನು ಅಲುಗಿಸುವದೇ ಎಲರು ಎಂದು ಯಾರಾದರೂ ಹೇಳಿದರೆ ಕೇಳಲಿಕ್ಕೆ ಇಂಪಾಗಿರುವದು, ಸಭೆಯು ತಲೆದೂಗುವದು. ಆದರೆ ಶಬ್ದಸಾಮ್ಯವೊಂದೇ ಪ್ರಮಾಣವಲ್ಲ. ಪೂರ್ವಗ್ರಂಥಗಳ ಪ್ರಯೋಗ, ಸೋದರಭಾಷೆಗಳ ರೂಪ, ಧ್ವನಿಗಳು ಮಾರ್ಪಡುವ ನಿಯಮ ಈ ಮೂರೂ ಒಪ್ಪಿದಾಗಲೇ ವ್ಯುತ್ಪತ್ತಿಯು ನಿಲ್ಲುವದು. ನುಡಿದರೆ ಲಿಂಗವು ಮೆಚ್ಚಬೇಕೆಂಬ ಆದರ್ಶವುಳ್ಳ ಸಮಾಜದಲ್ಲಿ ಪದದ ಅರ್ಥವನ್ನು ಹೇಳುವವನು ಕೂಡ ಸತ್ಯಕ್ಕೆ ಬದ್ಧನಾಗಿರತಕ್ಕದ್ದು.

೩. ತೆಂಕಣಗಾಳಿ ಮತ್ತು ಮಲಯಾನಿಲ

ಮೆಲ್ಲನೆ ಬೀಸುವ ಗಾಳಿಗೆ ಸೋದರಭಾಷೆಗಳು ಇಟ್ಟ ಹೆಸರುಗಳನ್ನು ಹೋಲಿಸುವದು ಕುತೂಹಲಕರವಾಗಿದೆ. ತಮಿಳರು ಗಾಳಿಯನ್ನು ದಿಕ್ಕಿನಿಂದ ಗುರುತಿಸಿದರು. ತೆಂಕಣದಿಂದ ಬರುವದು ತೆನ್ರಲ್, ಬಡಗಣದ್ದು ವಾಡೈ, ಮೂಡಣದ್ದು ಕೊಂಡಲ್, ಪಡುವಣದ್ದು ಕೋಡೈ. ಇವುಗಳಲ್ಲಿ ತೆನ್ರಲ್ ಎಂಬುದೇ ಮಂದಮಾರುತಕ್ಕೆ ಸಾಮಾನ್ಯ ಹೆಸರಾಯಿತು. ಮಲೆಯಾಳಿಗಳು ಅದನ್ನು ಇಳಂಕಾಟ್ಟು, ಎಂದರೆ ಎಳೆಯ ಗಾಳಿ, ಎಂದರು. ತೆಲುಗರು ಚಲ್ಲಗಾಲಿಯೆಂದು ತಂಪನ್ನೂ, ಪಿಲ್ಲಗಾಲಿಯೆಂದು ಮಗುತನವನ್ನೂ ಎತ್ತಿಹೇಳಿದರು. ಒಬ್ಬರಿಗೆ ದಿಕ್ಕು, ಒಬ್ಬರಿಗೆ ವಯಸ್ಸು, ಕನ್ನಡಿಗರಿಗೆ ಅದರ ಸ್ಪರ್ಶಗುಣ ಮುಖ್ಯವಾಗಿ ತೋರಿತು.

ಹಳಗನ್ನಡದಲ್ಲಿ ಗಾಳಿಗೆ ಎಲರ್ ಎಂಬ ಇನ್ನೊಂದು ಸೊಗಸಾದ ಪದವಿತ್ತು. ತಂಪು ಅದರೊಡನೆ ಕೂಡಿ ತಂಬೆಲರ್ ಎಂದಾಯಿತು. ಸಂಸ್ಕೃತದ ತತ್ಸಮಗಳನ್ನು ಬಳಸದೆ ಕಬ್ಬಿಗರ ಕಾವವನ್ನು ಬರೆದ ಆಂಡಯ್ಯನಂಥ ಕವಿಗೆ ಬೇಕಾದ ನುಡಿಸಂಪತ್ತು ಇಂಥ ಪದಗಳದೇ. ಇಂದು ಎಲರ್ ಎಂಬುದು ಕಾವ್ಯಾಭ್ಯಾಸಿಗಳ ಹೊರತು ಉಳಿದವರಿಗೆ ಅಪರಿಚಿತವಾಗಿದೆ. ದಿಕ್ಕಿನಿಂದ ಗಾಳಿಯನ್ನು ಕರೆಯುವ ಪದ್ಧತಿಯೂ ಕನ್ನಡದಲ್ಲಿ ಉಂಟು. ಸೂರ್ಯನು ಮೂಡುವ ಕಡೆಯಿಂದ ಬಂದುದು ಮೂಡಣಗಾಳಿ, ಅವನು ಪಡುವ, ಎಂದರೆ ಬೀಳುವ, ಕಡೆಯಿಂದ ಬಂದುದು ಪಡುವಣಗಾಳಿ. ಹಾಗೆಯೇ ಬಡಗಣಗಾಳಿ, ತೆಂಕಣಗಾಳಿ. ಈ ನಾಲ್ವರಲ್ಲಿ ತೆಂಕಣಗಾಳಿಯು ಕವಿಗಳ ಒಲವಿಗೆ ಪಾತ್ರವಾಯಿತು. ಕ್ರಿ. ಶ. ೯೪೧ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ಬರೆದ ಆದಿಕವಿ ಪಂಪನು ಬನವಾಸಿಯ ನೆನಪನ್ನು ಮರಳಿಸುವ ಕಾರಣಗಳನ್ನು ಎಣಿಸುವಾಗ ತೆಂಕಣಗಾಳಿಯ ಸೋಂಕನ್ನೇ ಮೊದಲು ಹೇಳಿರುವನು. ಗಾಳಿಯು ತಾಗಿದ ಮಾತ್ರದಿಂದ ತಾಯ್ನಾಡು ನೆನಪಾಗುವದೆಂಬ ಆ ಭಾವವನ್ನು ಸಾವಿರ ವರ್ಷಗಳ ಮೇಲೆಯೂ ಪರದೇಶದಲ್ಲಿರುವ ಕನ್ನಡಿಗನು ಬಲ್ಲನು.

ಸಂಸ್ಕೃತ ಕವಿಗಳು ಇದೇ ತೆಂಕಣಗಾಳಿಯನ್ನು ಮಲಯಾನಿಲ, ಮಲಯಮಾರುತ ಎಂದರು. ಮಲಯವೆಂಬುದು ಪಶ್ಚಿಮಘಟ್ಟದ ದಕ್ಷಿಣಭಾಗದ ಪರ್ವತ. ಅಲ್ಲಿ ಚಂದನವೃಕ್ಷಗಳು ಬೆಳೆಯುವವೆಂದು ಪ್ರಸಿದ್ಧಿ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಕಾಳಿದಾಸನು ರಘುವಿನ ದಿಗ್ವಿಜಯವನ್ನು ವರ್ಣಿಸುವಾಗ ಈ ಮಲಯವನ್ನೂ ಅದರ ಜೊತೆಗಾರನಾದ ದರ್ದುರವನ್ನೂ ಹೆಸರಿಸಿರುವನು. ಈಗ ಆ ಮಲಯವೆಂಬ ಹೆಸರಿನ ಮೂಲವನ್ನು ವಿಚಾರಿಸಿರಿ. ಅದು ದ್ರಾವಿಡದ ಮಲೆಯೇ ಆಗಿದೆ. ಕನ್ನಡದ ಮಲೆ, ಮಲೆನಾಡು, ತಮಿಳಿನ ಮಲೈ, ಇವುಗಳ ಸಂಬಂಧಿಯೇ ಸಂಸ್ಕೃತದ ಮಲಯ. ಎಂದರೆ ನಮ್ಮ ಬೆಟ್ಟದ ಹೆಸರು ಉತ್ತರಕ್ಕೆ ಹೋಗಿ, ಕಾವ್ಯಗಳಲ್ಲಿ ಮೆರೆದು, ಮಲಯಮಾರುತವೆಂಬ ಗಂಭೀರವೇಷದಿಂದ ನಮ್ಮಲ್ಲಿಗೇ ಮರಳಿ ಬಂದಿತು. ನಾವು ಅದನ್ನು ಹೊರಗಿನ ಅತಿಥಿಯೆಂದು ತಿಳಿದು ಮಣೆಹಾಕಿದೆವು! ಭಾಷೆಗಳ ನಡುವೆ ಕೊಡುವದೂ ಕೊಳ್ಳುವದೂ ಎರಡೂ ಉಂಟು. ದೇಶಭಾಷೆಯು ಕೇವಲ ಸಾಲಗಾರನೆಂಬ ಭ್ರಮೆಗೆ ಈ ಒಂದು ಪದವೇ ಸಾಕಾದ ಉತ್ತರ.

೪. ವಾಯುವಿನ ಸಂಸ್ಕೃತ ನಾಮಗಳು

ಹೀಗೆಂದ ಮಾತ್ರಕ್ಕೆ ಸಂಸ್ಕೃತದ ಸಂಪತ್ತನ್ನು ಕಡೆಗಣಿಸಲಾಗದು. ಅಲ್ಲಿಯ ಒಂದೊಂದು ಹೆಸರೂ ಗಾಳಿಯ ಒಂದೊಂದು ಗುಣವನ್ನು ಹಿಡಿದು ಹುಟ್ಟಿದೆ. ಬೀಸು ಎಂಬರ್ಥದ ವಾ ಧಾತುವಿನಿಂದ ವಾಯು, ವಾತ ಎಂಬವು ಹುಟ್ಟಿದವು. ಶುದ್ಧಗೊಳಿಸು ಎಂಬರ್ಥದ ಪೂ ಧಾತುವಿನಿಂದ ಪವನ, ಪವಮಾನ. ಚಲಿಸು ಎಂಬರ್ಥದ ಈರ್ ಧಾತುವಿನಿಂದ ಸಮೀರ, ಸಮೀರಣ. ಅಮರಸಿಂಹನ ಕೋಶದಲ್ಲಿ ಇವುಗಳೊಡನೆ ಸ್ಪರ್ಶನ, ಸದಾಗತಿ, ಗಂಧವಹ, ಜಗತ್ಪ್ರಾಣ ಎಂಬ ಹೆಸರುಗಳೂ ದೊರೆಯುವವು. ಮುಟ್ಟುವವನು, ಎಂದೂ ನಿಲ್ಲದವನು, ಪರಿಮಳವನ್ನು ಹೊರುವವನು, ಜಗತ್ತಿನ ಉಸಿರು ಎಂದು ಅವುಗಳ ಅರ್ಥ.

ಇವೆಲ್ಲಕ್ಕಿಂತ ನಮಗೆ ಮುಖ್ಯವಾದುದು ಅನಿಲ ಎಂಬ ಹೆಸರು. ಇದು ಉಸಿರಾಡು ಎಂಬರ್ಥದ ಅನ್ ಧಾತುವಿನಿಂದ ಹುಟ್ಟಿದೆ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ವಾಯುಗಳ ಹೆಸರುಗಳಲ್ಲಿ ಇರುವದೂ ಇದೇ ಧಾತುವು. ಗ್ರೀಕರು ಗಾಳಿಗೆ ಅನೆಮೋಸ್ ಎಂದುದೂ, ರೋಮಕರು ಜೀವಕ್ಕೆ ಅನಿಮ ಎಂದುದೂ ಇದರ ದಾಯಾದಿಗಳೇ. ಹೊರಗೆ ಬೀಸುವ ಅನಿಲನೂ ಒಳಗೆ ಆಡುವ ಪ್ರಾಣನೂ ಒಂದೇ ಮೂಲದವರೆಂಬುದನ್ನು ಪದವೇ ಸಾರುತ್ತಿದೆ. ಈ ಮಾತನ್ನು ಮುಂದೆ ಷಟ್‌ಸ್ಥಲದ ಪ್ರಸಂಗದಲ್ಲಿ ನೆನೆಯಬೇಕಾಗುವದು.

ಬಳಿಕ ಮುಸಲ್ಮಾನ ಅರಸರ ಕಾಲದಲ್ಲಿ ಅರಬ್ಬೀ ಮೂಲದ ಹವಾ ಎಂಬ ಪದವು ನಮ್ಮ ನಾಡನ್ನು ಹೊಕ್ಕಿತು. ಉತ್ತರ ಕರ್ನಾಟಕದಲ್ಲಿ ಅದು ಮನೆಮಾತೇ ಆಗಿಹೋಗಿದೆ. ಊರಿನ ಹವೆ ಚೆನ್ನಾಗಿದೆ ಎನ್ನುವಾಗ ಅದು ಪರಭಾಷೆಯದೆಂದು ಯಾರ ನೆನಪಿಗೂ ಬರುವದಿಲ್ಲ. ಅದಕ್ಕೆ ಸಂಸ್ಕೃತದ ಮಾನವೆಂಬುದು ಅಂಟಿಕೊಂಡು ಹವಾಮಾನವೆಂಬ ಪದವು ಹುಟ್ಟಿತು. ಕೇಶಿರಾಜನು ಇದ್ದಿದ್ದರೆ ಇದಕ್ಕೆ ಏನೆನ್ನುತ್ತಿದ್ದನೋ! ಮಳೆಗಾಲದ ಮಾರುತಕ್ಕೆ ಈಗ ರೂಢಿಯಲ್ಲಿರುವ ಮಾನ್ಸೂನ್ ಎಂಬುದು ಕೂಡ ಋತುವೆಂಬ ಅರ್ಥದ ಅರಬ್ಬೀ ಮೌಸಿಮ್ ಎಂಬುದರಿಂದ, ಪೋರ್ತುಗೀಜರ ಬಾಯಿಯ ಮೂಲಕ ಬಂದುದು. ನಮ್ಮ ಒಕ್ಕಲಿಗರಿಗೋ ಮುಂಗಾರು ಹಿಂಗಾರುಗಳೆಂಬ ಹೆಸರುಗಳು ಮೊದಲಿನಿಂದಲೂ ಇದ್ದವು, ಇಂದಿಗೂ ಇವೆ.

೫. ಜನಜೀವನದಲ್ಲಿ ಗಾಳಿ

ಗಾಳಿಯ ಅರ್ಥವು ಜನರ ಬಳಕೆಯಲ್ಲಿ ಹಲವು ಕವಲುಗಳಾಗಿ ಒಡೆದಿದೆ. ಹಿಡಿತಕ್ಕೆ ಸಿಕ್ಕದ ಸುದ್ದಿಯು ಗಾಳಿಮಾತು. ತಳಹದಿಯಿಲ್ಲದ ಮನೋರಾಜ್ಯವು ಗಾಳಿಗೋಪುರ. ಮಕ್ಕಳ ಆಟದ ಕಾಗದವು ಗಾಳಿಪಟ. ಹಿರಿಯರ ಬುದ್ಧಿವಾದವನ್ನು ಲೆಕ್ಕಿಸದವನು ಅದನ್ನು ಗಾಳಿಗೆ ತೂರಿದನೆನ್ನುವರು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯು ಕಣದಲ್ಲಿ ಹುಟ್ಟಿದುದು. ರಾಶಿಯ ಕಾಲದಲ್ಲಿ ಒಕ್ಕಲಿಗನು ಎತ್ತರದ ಮಣೆಯ ಮೇಲೆ ನಿಂತು ಕಾಳನ್ನು ಮೊರದಿಂದ ಇಳಿಬಿಡುವನು. ಗಾಳಿಯು ಬಿರುಸಾದರೆ ಕಾಳೂ ಹೊಟ್ಟೂ ಕೂಡಿಯೇ ಹಾರುವವು. ಗಾಳಿಯೇ ಇಲ್ಲದಿದ್ದರೆ ಎರಡೂ ಕೂಡಿಯೇ ಬೀಳುವವು. ಹದವಾದ ಗಾಳಿಯಲ್ಲಿ ಮಾತ್ರ ಕಾಳು ನೇರವಾಗಿ ಕೆಳಗಿಳಿದು ಹೊಟ್ಟು ಓರೆಯಾಗಿ ಸರಿಯುವದು. ಆದುದರಿಂದ ಕವಿಗೆ ಸೊಗಸಾದ ಮಂದಾನಿಲವು ಒಕ್ಕಲಿಗನಿಗೆ ಅನ್ನವನ್ನು ಬೇರ್ಪಡಿಸಿಕೊಡುವ ಕೂಲಿಯಾಳಾಗಿದ್ದಿತು. ಯಂತ್ರಗಳು ಕಣವನ್ನು ಹೊಕ್ಕ ಮೇಲೆ ಈ ಅನುಭವವು ಮರೆಯಾಗುತ್ತಿದೆ. ಗಾದೆಯು ಮಾತ್ರ ಉಳಿದಿದೆ. ಈಚಿನ ದಶಕಗಳಲ್ಲಿ ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳು ಅದೇ ಗಾಳಿಯಿಂದ ವಿದ್ಯುತ್ತನ್ನು ತೆಗೆಯುತ್ತಿವೆ. ಕೂಲಿಯಾಳು ಕೆಲಸವನ್ನು ಬದಲಿಸಿದನೆನ್ನಬಹುದು.

ಈ ಕವಲುಗಳಲ್ಲಿ ಒಂದು ಮಾತ್ರ ಕತ್ತಲೆಯದು. ಗಾಳಿಯೆಂದರೆ ದೆವ್ವವೆಂಬ ಅರ್ಥವೂ ನಾಡಿನಲ್ಲಿ ಹಬ್ಬಿದೆ. ಕೂಸು ಹಾಲು ಕುಡಿಯದಿದ್ದರೆ, ಬಾಣಂತಿಗೆ ಜ್ವರ ಬಂದರೆ, ಗಾಳಿ ಸೋಂಕಿತು ಎಂದು ಹೇಳಿ ಮಂತ್ರತಂತ್ರದವರ ಬಳಿಗೆ ಓಡುವದುಂಟು. ಕಣ್ಣಿಗೆ ಕಾಣದೆ ಮೈಗೆ ತಾಕುವ ವಸ್ತುವಾದುದರಿಂದ ಗಾಳಿಗೆ ಈ ಅರ್ಥವು ಬಂದಿರುವದು. ಆದರೆ ಕೂಸಿನ ರೋಗಕ್ಕೆ ವೈದ್ಯನಿರುವನು. ಗಾಳಿಯ ಹೆಸರಿನಲ್ಲಿ ಕಳೆದ ಒಂದು ದಿನವು ಒಂದು ಜೀವವನ್ನೇ ಕಳೆಯಬಹುದು. ಒಬ್ಬನೇ ದೇವನೆಂದು ಸಾರಿ, ಕಿರುದೈವಗಳ ಭಯವನ್ನು ಬಸವಣ್ಣನವರು ತಮ್ಮ ವಚನಗಳಲ್ಲಿ ಕಟುವಾಗಿ ಖಂಡಿಸಿರುವರು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿಯೂ ಗಾಳಿಗೆ ಅಂಜುವದು ಲಿಂಗಕ್ಕೆ ಮಾಡಿದ ಅಪನಂಬಿಕೆಯಲ್ಲವೆ? ಭಕ್ತರು ಈ ಮಾತನ್ನು ಮನಗಾಣಬೇಕು.

ಸೋಂಕು ಎಂಬ ಪದಕ್ಕೂ ಇಂಥದೇ ಗತಿಯು ಒದಗಿತು. ಸೋಂಕು ಎಂದರೆ ಮೂಲತಃ ಸ್ಪರ್ಶ, ಅಷ್ಟೇ. ತೆಂಕಣಗಾಳಿಯ ಸೋಂಕು, ಲಿಂಗದ ಸೋಂಕು ಎನ್ನುವಲ್ಲಿ ಅದು ಅತ್ಯಂತ ಮಂಗಳವಾದ ಪದ. ಕಾಲಕ್ರಮದಲ್ಲಿ ಅದು ರೋಗ ತಗಲುವದಕ್ಕೆ ಹೆಸರಾಯಿತು. ೨೦೨೦ರಲ್ಲಿ ಕೊರೊನಾ ವ್ಯಾಧಿಯು ಹಬ್ಬಿದ ಮೇಲಂತೂ ಸೋಂಕು ಎಂದ ಕೂಡಲೆ ಜನರು ಬೆದರುವಂತಾಯಿತು. ಪದವು ಕೆಟ್ಟುದಲ್ಲ, ಕಾಲವು ಅದರ ಮೇಲೆ ಹೊರೆ ಹೊರಿಸಿತು. ವಚನಗಳನ್ನು ಓದುವ ತರುಣರು ಇಂದಿನ ಅರ್ಥವನ್ನು ಅಂದಿನ ಮಾತಿಗೆ ಹಚ್ಚಿದರೆ ತಾತ್ಪರ್ಯವೇ ತಲೆಕೆಳಗಾಗುವದು. ಪದಚರಿತ್ರೆಯನ್ನು ಅರಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣವು ಬೇಕಿಲ್ಲ.

೬. ಷಟ್‌ಸ್ಥಲದಲ್ಲಿ ವಾಯುವಿನ ಸ್ಥಾನ

ಈಗ ನಮ್ಮ ಸಿದ್ಧಾಂತದ ಕಡೆಗೆ ಬರುವಾ. ಚೆನ್ನಬಸವಣ್ಣನವರು ಮೊದಲಾದ ಶರಣರು ಪಂಚಭೂತಗಳನ್ನೂ ಇಂದ್ರಿಯಗಳನ್ನೂ ಲಿಂಗಗಳನ್ನೂ ಸ್ಥಲಗಳನ್ನೂ ಒಂದಕ್ಕೊಂದು ಹೊಂದಿಸಿ ನಿರೂಪಿಸಿರುವರು. ಪೃಥ್ವಿಗೆ ಭಕ್ತಸ್ಥಲ, ಆಚಾರಲಿಂಗ. ಅಪ್ಪುವಿಗೆ ಮಹೇಶಸ್ಥಲ, ಗುರುಲಿಂಗ. ತೇಜಸ್ಸಿಗೆ ಪ್ರಸಾದಿಸ್ಥಲ, ಶಿವಲಿಂಗ. ವಾಯುವಿಗೆ ಪ್ರಾಣಲಿಂಗಿಸ್ಥಲ, ಜಂಗಮಲಿಂಗ. ಆಕಾಶಕ್ಕೆ ಶರಣಸ್ಥಲ, ಪ್ರಸಾದಲಿಂಗ. ಆತ್ಮಕ್ಕೆ ಐಕ್ಯಸ್ಥಲ, ಮಹಾಲಿಂಗ. ಇವುಗಳಲ್ಲಿ ವಾಯುವಿನ ವಿಷಯವು ಸ್ಪರ್ಶ. ಅದರ ಇಂದ್ರಿಯವು ತ್ವಕ್ಕು. ಅದರ ಭಕ್ತಿಯು ಅನುಭವಭಕ್ತಿ.

ಈ ಹೊಂದಾಣಿಕೆಯು ಪದಗಳ ಚರಿತ್ರೆಯೊಡನೆ ಎಷ್ಟು ಸೊಗಸಾಗಿ ಕೂಡುವದೆಂಬುದನ್ನು ನೋಡಿರಿ. ಅನಿಲವೂ ಪ್ರಾಣವೂ ಒಂದೇ ಧಾತುವಿನವೆಂದು ಮೇಲೆ ಹೇಳಿದೆವು. ವಾಯುವಿನ ಸ್ಥಲವು ಪ್ರಾಣಲಿಂಗಿ. ವಾಯುವು ಸದಾಗತಿ, ಎಂದೂ ನಿಲ್ಲದವನು; ಜಂಗಮವೆಂದರೂ ಚಲಿಸುವದು, ಸ್ಥಾವರವಾಗದೆ ಇರುವದು. ಕನ್ನಡದಲ್ಲಿ ಸುಳಿ ಎಂಬ ಒಂದೇ ಕ್ರಿಯಾಪದವು ಗಾಳಿಯ ಸಂಚಾರಕ್ಕೂ ಜಂಗಮರ ಸಂಚಾರಕ್ಕೂ ಸಲ್ಲುವದು. ಗಾಳಿಯು ಸುಳಿಯುವದು, ಭಕ್ತರ ಮನೆಗಳಿಗೆ ಜಂಗಮನು ಸುಳಿದು ಬರುವನು. ವಚನಗಳಲ್ಲಿ ಸುಳುಹು ಎಂಬುದು ಜಂಗಮದ ಲಕ್ಷಣವಾಗಿ ಬಂದಿದೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿ ಗಾಳಿ, ಬಯಲು, ಬೆಂಕಿ ಮೊದಲಾದ ಮನೆಮಾತಿನ ಪದಗಳೇ ತತ್ತ್ವಸಂಕೇತಗಳಾದುದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಇನ್ನೊಂದು ಮಾತು. ತಂಗಾಳಿಯ ತಂಪು ಎಲ್ಲಿರುವದು? ಗಾಳಿಯಲ್ಲಿಯೋ, ನಮ್ಮ ಮೈಯಲ್ಲಿಯೋ? ಪ್ರಕೃತಿಶಾಸ್ತ್ರಜ್ಞರು ಹೀಗೆ ಹೇಳುವರು: ನಮ್ಮ ಮೈಯ ಸುತ್ತಲೂ ಬಿಸಿಯೂ ತೇವವೂ ಆದ ಗಾಳಿಯ ತೆಳುಪದರವೊಂದು ಇರುವದು. ಗಾಳಿಯು ಚಲಿಸಿದಾಗ ಆ ಪದರವು ಸರಿದು, ಬೆವರು ಬೇಗನೆ ಆವಿಯಾಗುವದು. ಆವಿಯಾಗುವಾಗ ಮೈಯ ಕಾವನ್ನು ಹೀರಿಕೊಂಡು ಹೋಗುವದು. ಬೀಸಣಿಗೆಯು ಕೋಣೆಯ ಗಾಳಿಯನ್ನು ತಣ್ಣಗೆ ಮಾಡುವದಿಲ್ಲ. ಅದನ್ನು ಚಲಿಸುವಂತೆ ಮಾಡುವದು, ಅಷ್ಟೆ. ನಿಂತ ಗಾಳಿಯು ಬೇಗೆ, ನಡೆಯುವ ಗಾಳಿಯು ತಂಪು. ೧೮೦೫ರಲ್ಲಿ ಬೋಫರ್ಟ್ ಎಂಬ ಆಂಗ್ಲ ನೌಕಾಧಿಕಾರಿಯು ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರ ವರೆಗೆ ಅಳೆಯುವ ಕ್ರಮವನ್ನು ಏರ್ಪಡಿಸಿದನು. ಬಳಿಕ ಅದಕ್ಕೆ ವೇಗದ ಲೆಕ್ಕವೂ ಕೂಡಿತು. ಅದರಲ್ಲಿ ಎರಡನೆಯ ಅಂಕದ ಗಾಳಿಯು ತಾಸಿಗೆ ೬ರಿಂದ ೧೧ ಕಿಲೋಮೀಟರು ವೇಗದ್ದು. ಅದು ಮುಖಕ್ಕೆ ತಾಕುವದು, ಎಲೆಗಳು ಮರ್ಮರಗುಟ್ಟುವವು. ಮೂರನೆಯದು ೧೨ರಿಂದ ೧೯ ಕಿಲೋಮೀಟರು. ಎಲೆಗಳೂ ಕಿರುಗೊಂಬೆಗಳೂ ಎಡೆಬಿಡದೆ ಅಲುಗುವವು. ನಮ್ಮ ತಂಗಾಳಿಯು ಈ ಎರಡರ ಸೀಮೆಯೊಳಗಿನದು. ಅಳತೆಯ ಶಾಸ್ತ್ರವೂ ಕೊನೆಗೆ ಮುಖದ ಸ್ಪರ್ಶವನ್ನೇ ಸಾಕ್ಷಿಗೆ ಕರೆಯಿತೆಂಬುದನ್ನು ಗಮನಿಸತಕ್ಕದ್ದು. ತಂಪು ಸ್ಪರ್ಶದಲ್ಲಿದೆ, ಚಲನೆಯಲ್ಲಿದೆ, ಎಂದರೆ ಅನುಭವದಲ್ಲಿದೆ.

ಲಿಂಗವಂತನು ಯಾವ ಪದಾರ್ಥವನ್ನೂ ತಾನೇ ಮೊದಲು ಭೋಗಿಸಲಾಗದು. ಲಿಂಗಕ್ಕೆ ಅರ್ಪಿಸಿ, ಪ್ರಸಾದವನ್ನಾಗಿ ಮಾಡಿಕೊಂಡು ಸ್ವೀಕರಿಸತಕ್ಕದ್ದು. ಇದು ಅನ್ನಕ್ಕೆ ಮಾತ್ರ ಸಲ್ಲುವ ನಿಯಮವಲ್ಲ. ಮೂಗಿಗೆ ಬಂದ ಗಂಧವು ಆಚಾರಲಿಂಗಕ್ಕೆ, ನಾಲಗೆಯ ರುಚಿಯು ಗುರುಲಿಂಗಕ್ಕೆ, ಕಣ್ಣಿನ ರೂಪವು ಶಿವಲಿಂಗಕ್ಕೆ, ಮೈಗೆ ತಾಕಿದ ಸ್ಪರ್ಶವು ಜಂಗಮಲಿಂಗಕ್ಕೆ ಅರ್ಪಿತವಾಗಬೇಕು. ಹಾಗಾದರೆ ಹೊಲದಲ್ಲಿ ದುಡಿದು ಬೆವರಿದವನ ಮೈಗೆ ಸಂಜೆಯಲ್ಲಿ ಸೋಂಕುವ ತಂಗಾಳಿಯೂ ಒಂದು ನೈವೇದ್ಯವೇ. ಹಣವಿಲ್ಲದವನಿಗೂ ದೊರೆಯುವ, ಯಾವ ಪೂಜಾರಿಯ ಕೈಯನ್ನೂ ಕಾಯದ ಪ್ರಸಾದವಿದು.

ಈ ಸ್ಪರ್ಶದ ವಿಚಾರದಲ್ಲಿಯೇ ನಮ್ಮ ಸಮಾಜದ ಅತಿ ದೊಡ್ಡ ಪ್ರಶ್ನೆಯೂ ಅಡಗಿದೆ. ಮನುಷ್ಯನು ಮನುಷ್ಯನನ್ನು ಮುಟ್ಟಲಾಗದೆಂಬ ಕಟ್ಟಳೆಯಿದ್ದ ನಾಡಿನಲ್ಲಿ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ಜಾತಿಸೂತಕವು ಅವುಗಳಲ್ಲೊಂದು. ಹರಳಯ್ಯ ಮಧುವರಸರ ಮನೆತನಗಳ ನಡುವೆ ನೆಂಟಸ್ತನವನ್ನು ಒಪ್ಪಿದುದಕ್ಕಾಗಿ ಕಲ್ಯಾಣವು ತೆತ್ತ ಬೆಲೆಯನ್ನು ನಮ್ಮ ಪರಂಪರೆಯು ಮರೆತಿಲ್ಲ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಭಾರತ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಕಾನೂನಿನಿಂದ ತೊಡೆದುಹಾಕಿತು. ಮನಸ್ಸುಗಳಿಂದ ತೊಡೆಯುವ ಕೆಲಸವು ಇನ್ನೂ ಮುಗಿದಿಲ್ಲ. ಕೇರಿಯನ್ನು ಹಾದುಬಂದ ಗಾಳಿಯೇ ಅಗ್ರಹಾರವನ್ನೂ ಮಠವನ್ನೂ ಹೊಗುವದು. ಒಬ್ಬನು ಬಿಟ್ಟ ಉಸಿರೇ ಇನ್ನೊಬ್ಬನ ಪ್ರಾಣವಾಗುವದು. ಆ ಸೋಂಕನ್ನು ತಡೆಯುವ ಗೋಡೆಯನ್ನು ಯಾರೂ ಇಂದಿನ ವರೆಗೆ ಕಟ್ಟಿಲ್ಲ. ಗಾಳಿಯ ಸೋಂಕನ್ನು ಸುಖವೆಂದು ಬಗೆದವನು ಮನುಷ್ಯನ ಸೋಂಕನ್ನು ಮೈಲಿಗೆಯೆಂದು ಬಗೆಯುವದು ಯಾವ ನ್ಯಾಯ?

೭. ಉಪಸಂಹಾರ

ಇಷ್ಟು ವಿಚಾರದಿಂದ ನಿಷ್ಪನ್ನವಾದುದೇನೆಂದರೆ: ತಂಗಾಳಿಯು ಅಚ್ಚ ಕನ್ನಡದ ಪದ, ಅದರ ಎರಡು ಅವಯವಗಳಿಗೂ ದಕ್ಷಿಣದ ಭಾಷೆಗಳಲ್ಲೆಲ್ಲ ಬಂಧುಗಳಿರುವರು, ತಂಪನ್ನು ತೃಪ್ತಿಯೆಂದು ಕಂಡ ಜನರ ಬಾಳು ಅದರಲ್ಲಿ ಅಚ್ಚೊತ್ತಿದೆ. ಸಂಸ್ಕೃತದ ಅನಿಲವೂ ಅರಬ್ಬಿಯ ಹವೆಯೂ ಅದರ ಪಕ್ಕದಲ್ಲಿ ಬಂದು ಕುಳಿತವು. ಅದು ಯಾರನ್ನೂ ಹೊರದೂಡಲಿಲ್ಲ, ತನ್ನ ಸ್ಥಾನವನ್ನು ಬಿಟ್ಟುಕೊಡಲೂ ಇಲ್ಲ.

ಆದರೆ ಎಲ್ಲ ಪದಗಳಿಗೂ ಈ ಭಾಗ್ಯವಿಲ್ಲ. ಎಲರ್ ಮರೆಯಾಯಿತು, ತಂಬೆಲರ್ ಮರೆಯಾಯಿತು, ತೂರುವದೆಂದರೇನೆಂದು ಪಟ್ಟಣದ ಮಕ್ಕಳು ಕೇಳುವ ದಿನವು ಬಂದಿದೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚುಹಾಕಿಸಿ, ಓಲೆಗಳಲ್ಲಿ ಧೂಳು ತಿನ್ನುತ್ತಿದ್ದ ವಚನಗಳನ್ನು ಜನರ ಕೈಗೆ ಮುಟ್ಟಿಸಿದರು. ಆ ಓಲೆಗಳನ್ನು ಅಷ್ಟು ಕಾಲ ಕಾದುಕೊಂಡು ಬಂದುದರಲ್ಲಿ ಮಠಗಳ ಪಾಲು ಸಣ್ಣದಲ್ಲ. ಓಲೆಯನ್ನು ಕಾದವರು ಮಾತನ್ನೂ ಕಾಯಬೇಕು. ಹಳ್ಳಿಯ ಮುದುಕರ ಬಾಯಿಯಲ್ಲಿ ಗಾಳಿ, ಮಳೆ, ಮಣ್ಣು, ಬೆಳೆಗಳಿಗೆ ಇರುವ ಹೆಸರುಗಳನ್ನು ಮಠದ ಪಾಠಶಾಲೆಗಳ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಬರೆದು ತಂದರೂ ಸಾಕು. ಕೆಲವು ವರ್ಷಗಳಲ್ಲಿ ಒಂದು ಅಮೂಲ್ಯವಾದ ಕೋಶವು ಸಿದ್ಧವಾಗುವದು. ಹೇಳುವ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸವು ಆಗಬೇಕು.

ಶರಣರು ನಮಗೆ ಬಿಟ್ಟುಹೋದ ಧರ್ಮವು ಕನ್ನಡದ ಉಸಿರಿನಲ್ಲಿ ಹುಟ್ಟಿತು. ಆ ಉಸಿರು ನಿಲ್ಲದೆ ಸುಳಿಯುತ್ತಿರಲಿ. ಬೆಂದ ಬಾಳುಗಳನ್ನು ತಣಿಸುತ್ತಿರಲಿ.